ಪದ್ಯ ಮೊದಲು ಕಿವಿಗೆ, ಲಕ್ಷಣ ಆಮೇಲೆ: ಛಂದಸ್ಸು, ಅಲಂಕಾರದ ಪದಗಳನ್ನು ಕಲಿಯುವ ದಾರಿ

ಕನ್ನಡ ಐಚ್ಛಿಕ ತೆಗೆದುಕೊಂಡ ಡಿಗ್ರಿ ವಿದ್ಯಾರ್ಥಿಗಳಿಗೂ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್‌ಗೆ ಓದುವವರಿಗೂ ಛಂದಸ್ಸಿನ ಪಾಠ ಬಂತೆಂದರೆ ಕೈಕಾಲು ಆಡುವುದಿಲ್ಲ. ಲಘು, ಗುರು, ಮಾತ್ರೆ, ಗಣ, ಪ್ರಾಸ, ಉಪಮೇಯ, ಉಪಮಾನ, ವಿಭಾವ, ಅನುಭಾವ ಅಂತ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಜಾಸ್ತಿ ಜನ ಗೈಡ್ ತೆಗೆದು ಲಕ್ಷಣಗಳನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತುಹೋಗುತ್ತದೆ.

ಇದಕ್ಕಿಂತ ಸುಲಭದ ದಾರಿ ಇದೆ. ಈ ಪದಗಳೆಲ್ಲ ಪದ್ಯವನ್ನು ಕಿವಿಗೊಟ್ಟು ಕೇಳಿದವರು ಇಟ್ಟ ಹೆಸರುಗಳು. ಹಾಗಾಗಿ ಮೊದಲು ಪದ್ಯ ಕೇಳಿಸಬೇಕು, ಆಮೇಲೆ ಹೆಸರು ಹಚ್ಚಬೇಕು. ಒಂದು ಪೆನ್ಸಿಲ್, ಒಂದು ಬಿಳಿ ಹಾಳೆ, ಗಟ್ಟಿಯಾಗಿ ಓದಲು ಒಂದು ಕೋಣೆ ಇದ್ದರೆ ಸಾಕು.

ಮೊದಲ ಹೆಜ್ಜೆ: ತಾಳ ಹಾಕಿ ಓದಿ

ಪೆನ್ಸಿಲ್ ಮುಟ್ಟುವ ಮೊದಲು ಪದ್ಯವನ್ನು ಜೋರಾಗಿ ಓದಿ, ತೊಡೆಯ ಮೇಲೆ ತಾಳ ಹಾಕಿ. ಚಿಕ್ಕಂದಿನಲ್ಲಿ ಕಲಿತ ಗೋವಿನ ಹಾಡಿನಿಂದಲೇ ಶುರು ಮಾಡಬಹುದು: "ಧರಣಿ ಮಂಡಲ ಮಧ್ಯದೊಳಗೆ, ಮೆರೆಯುತಿಹ ಕರ್ಣಾಟ ದೇಶದಿ." ಧರಣಿ ಅನ್ನುವಲ್ಲಿ ಮೂರು ಎಣಿಕೆ, ಮಂಡಲ ಅನ್ನುವಲ್ಲಿ ನಾಲ್ಕು. ಮತ್ತೆ ಮೂರು, ಮತ್ತೆ ನಾಲ್ಕು. ತಕಿಟ ತಕಧಿಮಿ, ತಕಿಟ ತಕಧಿಮಿ. ಸಂಗೀತ ಕಲಿತವರಿಗೆ ಇದು ಮಿಶ್ರಛಾಪು ಎಂದು ಕೂಡಲೇ ಗೊತ್ತಾಗುತ್ತದೆ.

"ದೊಳಗೆ" ಅನ್ನುವಲ್ಲಿ ಮಾತ್ರ ಸ್ವಲ್ಪ ನಿಲ್ಲಿ. ಬರಹದಲ್ಲಿ ಅಲ್ಲಿ ಮೂರೇ ಇದೆ, ಆದರೆ ನಾವು "ದೊಳಗೇ" ಎಂದು ಎಳೆದು ನಾಲ್ಕು ಮಾಡಿಕೊಂಡು ಹಾಡುತ್ತೇವೆ. ಯಾರೂ ಹೇಳಿಕೊಡದೆ ಮಕ್ಕಳೂ ಹೀಗೇ ಹಾಡುತ್ತಾರೆ. ಲೆಕ್ಕ ಮೊದಲು ಕಿವಿಯಲ್ಲಿ ಇರುತ್ತದೆ, ಅಲ್ವಾ?

ಗಮಕಿಗಳು ಕಾವ್ಯ ವಾಚನ ಮಾಡುವುದನ್ನು ಸಿಕ್ಕಾಗಲೆಲ್ಲ ಕೇಳಿ. ಶಿವಮೊಗ್ಗದ ಹತ್ತಿರದ ಮತ್ತೂರು, ಹೊಸಹಳ್ಳಿಗಳಲ್ಲಿ ಗಮಕ ಇನ್ನೂ ಜೀವಂತವಾಗಿದೆ. ಯೂಟ್ಯೂಬಿನಲ್ಲಿಯೂ ಬೇಕಾದಷ್ಟು ಸಿಗುತ್ತದೆ. ಒಂದು ಗಂಟೆ ಗಮಕ ಕೇಳಿದ ವಿದ್ಯಾರ್ಥಿಗೆ ಇದೇ ಮೂರು-ನಾಲ್ಕರ ನಡೆಯ, ಆರು ಸಾಲಿನ ಭಾಮಿನಿ ಷಟ್ಪದಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಎರಡನೇ ಹೆಜ್ಜೆ: ಲಘು, ಗುರು ಗುರುತಿಸಿ

ಒಂದು ಹ್ರಸ್ವ ಅಕ್ಷರ ಹೇಳಲು ಹಿಡಿಯುವ ಕಾಲ ಒಂದು ಮಾತ್ರೆ. ಒಂದು ಮಾತ್ರೆಯ ಅಕ್ಷರ ಲಘು, ಅದಕ್ಕೆ ∪ ಗುರುತು. ಎರಡು ಮಾತ್ರೆಯದು ಗುರು, ಅದಕ್ಕೆ – ಗುರುತು. ಅಕ್ಷರಗಳ ಮೇಲೆ ಈ ಗುರುತು ಹಾಕುವ ಕೆಲಸವೇ ಪ್ರಸ್ತಾರ.

ಗುರು ಆಗುವುದು ಯಾವಾಗ? ದೀರ್ಘಾಕ್ಷರ ಗುರು. ಐ, ಔ ಇರುವ ಅಕ್ಷರ ಗುರು. ಅನುಸ್ವಾರ, ವಿಸರ್ಗ ಇರುವುದು ಗುರು. "ಬರ್", "ರಲ್" ಅಂಥ ವ್ಯಂಜನದಲ್ಲಿ ನಿಲ್ಲುವ ಅಕ್ಷರ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಉಳಿದದ್ದೆಲ್ಲ ಲಘು.

ತಪ್ಪು ಹೆಚ್ಚಾಗಿ ಆಗುವುದು ಎರಡು ಕಡೆ. ಮೊದಲನೆಯದು ಒತ್ತಕ್ಷರ. "ಅಲ್ಲಿ" ಎಂಬಲ್ಲಿ "ಲ್ಲಿ" ದಪ್ಪಗೆ ಕಾಣುತ್ತದೆ ಅಂತ ಅದಕ್ಕೇ ಗುರು ಹಾಕಿಬಿಡುತ್ತಾರೆ. ಗುರು ಆಗುವುದು ಹಿಂದಿನ "ಅ". "ಲ್ಲಿ" ಸ್ವತಃ ಲಘು. ಅರ್ಕಾವತ್ತಿಗೂ ಇದೇ ನಿಯಮ: "ಕರ್ಣ" ಎಂಬಲ್ಲಿ "ಕ" ಗುರು, "ರ್ಣ" ಲಘು. ಎರಡನೆಯದು ಎ-ಏ, ಒ-ಓ ಗೊಂದಲ. "ಕೊನೆ" ಎರಡು ಲಘು. "ಕೋಣ" ಗುರು-ಲಘು. ಇಲ್ಲೂ ಕಣ್ಣಿಗಿಂತ ಕಿವಿಯನ್ನೇ ನಂಬಿ.

ಮೂರನೇ ಹೆಜ್ಜೆ: ಗಣ ಬಿಡಿಸಿ

ಗಣ ಎಂದರೆ ಗುಂಪು. ಮೂರು ಮೂರು ಅಕ್ಷರಕ್ಕೆ ಒಂದು ಗುಂಪು ಮಾಡಿದರೆ ಅಕ್ಷರಗಣ. ಮಾತ್ರೆ ಎಣಿಸಿ ಗುಂಪು ಮಾಡಿದರೆ ಮಾತ್ರಾಗಣ. ಇನ್ನೊಂದು ಅಂಶಗಣ, ಅದು ನಮ್ಮ ದೇಸಿ ಲೆಕ್ಕ. ತ್ರಿಪದಿ, ಸಾಂಗತ್ಯಗಳಿಗೆ ಅದು ಬೇಕು.

ಅಕ್ಷರಗಣಗಳು ಎಂಟು. ಅವನ್ನು ನೆನಪಿಡಲು ತಲೆತಲಾಂತರದಿಂದ ಬಂದ ಪದ್ಯ ಇದು:

ಗುರು ಲಘು ಮೂರಿರೆ ಮನಗಣ
ಗುರು ಲಘು ಮೊದಲಲ್ಲಿ ಬರಲು ಭಯಗಣಮೆಂಬರ್
ಗುರು ಲಘು ನಡುವಿರೆ ಜರಗಣ
ಗುರು ಲಘು ಕೊನೆಯಲ್ಲಿ ಬರಲು ಸತಗಣಮಕ್ಕುಂ

ಮೂರೂ ಗುರು ಇದ್ದರೆ ಮ, ಮೂರೂ ಲಘು ಇದ್ದರೆ ನ. ಗುರು ಮೊದಲಲ್ಲಿ ಬಂದರೆ ಭ, ಲಘು ಮೊದಲಲ್ಲಿ ಬಂದರೆ ಯ. ನಡುವೆ ಗುರು ಇದ್ದರೆ ಜ, ಲಘು ಇದ್ದರೆ ರ. ಕೊನೆಗೆ ಗುರು ಬಂದರೆ ಸ, ಲಘು ಬಂದರೆ ತ.

ಈ ಪದ್ಯವನ್ನು ಎಲ್ಲರೂ ಉರು ಹೊಡೆಯುತ್ತಾರೆ. ಇದಕ್ಕೇ ಪ್ರಸ್ತಾರ ಹಾಕಿ ನೋಡುವವರು ಕಡಿಮೆ. ನೋಡಿದರೆ ಇನ್ನೊಂದು ಪಾಠ ಪುಕ್ಕಟೆ ಸಿಗುತ್ತದೆ, ಯಾಕೆಂದರೆ ಇದು ಅಚ್ಚುಕಟ್ಟಾದ ಕಂದಪದ್ಯ. ನಾಲ್ಕು ನಾಲ್ಕು ಮಾತ್ರೆಗೆ ಬಿಡಿಸಿ:

ಗುರುಲಘು | ಮೂರಿರೆ | ಮನಗಣ
ಗುರುಲಘು | ಮೊದಲ | ಲ್ಲಿಬರಲು | ಭಯಗಣ | ಮೆಂಬರ್

ಮೊದಲ ಸಾಲಿಗೆ 3 ಗಣ, 12 ಮಾತ್ರೆ. ಎರಡನೇ ಸಾಲಿಗೆ 5 ಗಣ, 20 ಮಾತ್ರೆ. ಮೂರು, ನಾಲ್ಕನೇ ಸಾಲೂ ಹಾಗೇ. ಒಟ್ಟು 64 ಮಾತ್ರೆ. "ಮೊದಲ" ಎಂಬಲ್ಲಿ "ಲ"ಗೆ ಎರಡು ಮಾತ್ರೆ ಯಾಕೆ ಬಂತು ಅಂತ ಈಗ ನಿಮಗೆ ಗೊತ್ತು: ಮುಂದೆ "ಲ್ಲಿ" ಇದೆ.

ಕಂದಕ್ಕೆ ಇನ್ನೂ ಕೆಲವು ಕಟ್ಟುಗಳಿವೆ. ಅರ್ಧ ಪದ್ಯದ 8 ಗಣಗಳಲ್ಲಿ 1, 3, 5, 7ನೇ ಜಾಗದಲ್ಲಿ ಜಗಣ ಬರಬಾರದು. 6ನೆಯದು ಜಗಣವೇ ಆಗಿರಬೇಕು, ಇಲ್ಲವೆ ನಾಲ್ಕೂ ಲಘು ಆಗಿರಬೇಕು. 8ನೆಯದರ ಕೊನೆ ಗುರುವಾಗಿರಬೇಕು. ನಮ್ಮ ಪದ್ಯದ 6ನೇ ಗಣ "ಲ್ಲಿಬರಲು", ನಾಲ್ಕೂ ಲಘು. 8ನೆಯದು "ಮೆಂಬರ್", ಕೊನೆಗೆ ಗುರು. ಲೆಕ್ಕ ಕೂಡಿತು. ನಾಲ್ಕೂ ಸಾಲಿನ ಎರಡನೇ ಅಕ್ಷರ "ರು" ಎಂಬುದನ್ನೂ ಗುರುತಿಸಿ, ಅದು ಆದಿಪ್ರಾಸ. ಒಂದೇ ಪದ್ಯದಲ್ಲಿ ಎಂಟು ಗಣ, ಕಂದದ ಲಕ್ಷಣ, ಪ್ರಾಸ ಮೂರೂ ಸಿಕ್ಕಿದವು.

ನಾಲ್ಕನೇ ಹೆಜ್ಜೆ: ಸಾಲು ಎಣಿಸಿ, ಜಾತಿ ಹಿಡಿಯಿರಿ

ಪರೀಕ್ಷೆಯಲ್ಲಿ "ಛಂದಸ್ಸನ್ನು ಹೆಸರಿಸಿ" ಎಂದು ಪದ್ಯ ಕೊಟ್ಟರೆ ಮೊದಲು ಸಾಲು ಎಣಿಸಿ. ಮೂರು ಸಾಲಿದ್ದರೆ ಸಾಮಾನ್ಯವಾಗಿ ತ್ರಿಪದಿ. ಸರ್ವಜ್ಞನದು, ಬೀಸುಕಲ್ಲಿನ ಪದಗಳದು ಇದೇ ಮಟ್ಟು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಕೂಡ ತ್ರಿಪದಿಯೇ. ಆರು ಸಾಲಿದ್ದರೆ ಷಟ್ಪದಿ. ಎರಡೆರಡು ಸಾಲಿಗೆ ಪ್ರಾಸ ಹೊಂದಿಸಿಕೊಂಡು ಉದ್ದಕ್ಕೆ ಹರಿದರೆ ರಗಳೆ. ಅದರಲ್ಲಿ ಮೂರು ಮಾತ್ರೆಯ ನಡೆ ಉತ್ಸಾಹ, ನಾಲ್ಕರದು ಮಂದಾನಿಲ, ಐದರದು ಲಲಿತ. ನಾಲ್ಕು ಸಾಲಿದ್ದು, ಗಿಡ್ಡ ಸಾಲು ಉದ್ದ ಸಾಲು ಒಂದಾದ ಮೇಲೊಂದು ಬಂದರೆ ಕಂದವೋ ಸಾಂಗತ್ಯವೋ ನೋಡಿ. ಗಿಡ್ಡ-ಉದ್ದ-ಗಿಡ್ಡ-ಉದ್ದ ಇದ್ದು ಹಳಗನ್ನಡದ ಬಿಗಿ ಇದ್ದರೆ ಕಂದ, ಉದ್ದ-ಗಿಡ್ಡ-ಉದ್ದ-ಗಿಡ್ಡ ಇದ್ದು ಭರತೇಶ ವೈಭವದ ಹಾಗೆ ಹಾಡಿನ ಸಡಿಲ ಇದ್ದರೆ ಸಾಂಗತ್ಯ. ನಾಲ್ಕೂ ಸಾಲು ಒಂದೇ ಅಳತೆಯಲ್ಲಿ ಉದ್ದಕ್ಕಿದ್ದರೆ ಅದು ವೃತ್ತ.

ಷಟ್ಪದಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆರು ಬಗೆ ಇವೆ: ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಎಲ್ಲದಕ್ಕೂ ಚೌಕಟ್ಟು ಒಂದೇ. 1, 2, 4, 5ನೇ ಸಾಲು ಸಮ. 3, 6ನೆಯವು ಅದರ ಒಂದೂವರೆಯಷ್ಟು, ಮೇಲೊಂದು ಗುರು. ಹಾಗಾಗಿ ಒಂದು ಸಣ್ಣ ಸಾಲಿನ ಮಾತ್ರೆ ಗೊತ್ತಾದರೆ ಸಾಕು: ಶರ 8, ಕುಸುಮ 10, ಭೋಗ 12, ಭಾಮಿನಿ 14, ಪರಿವರ್ಧಿನಿ 16, ವಾರ್ಧಕ 20. ಉಳಿದದ್ದನ್ನು ಕೂಡಿಸಿ ಹೇಳಬಹುದು. ಭಾಮಿನಿಯ ದೊಡ್ಡ ಸಾಲು 21ಕ್ಕೆ 2 ಸೇರಿ 23.

ಕುಮಾರವ್ಯಾಸನ ಭಾರತದ ಮೊದಲ ಪದ್ಯ ಇದು:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನ ನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು
ಧಾ ವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

ಮೊದಲ ಸಾಲು ಬಿಡಿಸಿ: ಶ್ರೀವ | ನಿತೆಯರ | ಸನೆವಿ | ಮಲರಾ. 3, 4, 3, 4. ಗಣ ಪದದ ಗಡಿಯನ್ನು ಲೆಕ್ಕಿಸುವುದಿಲ್ಲ ಎಂಬುದು ಇಲ್ಲೇ ಕಾಣುತ್ತದೆ. "ರಾಜೀವ" ಎಂಬ ಪದವಂತೂ ಎರಡು ಸಾಲಿಗೆ ಹಂಚಿಹೋಗಿದೆ. ಹೊಸಬರು ಪದಕ್ಕೊಂದು ಗೆರೆ ಎಳೆದು ಲೆಕ್ಕ ತಪ್ಪುವುದು ಇಲ್ಲಿಯೇ.

ಈಗ ನಾಲ್ಕನೇ ಸಾಲು: ರಾವ | ಣಾಸುರ | ಮಥನ | ಶ್ರವಣಸು. ಪುಸ್ತಕದ ನಿಯಮ ಹಿಡಿದರೆ "ಶ್ರ" ಮುಂದಿರುವುದರಿಂದ "ಮಥನ"ದ "ನ" ಗುರು ಆಗಬೇಕು. ಹಾಗೆ ಮಾಡಿದರೆ ಒಂದು ಮಾತ್ರೆ ಜಾಸ್ತಿಯಾಗಿ ನಡೆ ಮುಗ್ಗರಿಸುತ್ತದೆ. ಓದುವಾಗ ಅಲ್ಲಿ ಒತ್ತು ಬೀಳುವುದಿಲ್ಲ. "ಮಥನ" ಮುಗಿದು "ಶ್ರವಣ" ಹಗುರವಾಗಿ ಶುರುವಾಗುತ್ತದೆ. ಆದ್ದರಿಂದ "ನ" ಲಘುವಾಗಿಯೇ ಉಳಿಯುತ್ತದೆ. ಕನ್ನಡದ ಮಾತ್ರಾ ಪದ್ಯಗಳಲ್ಲಿ ಬೇರೆ ಪದದ ಮೊದಲಿಗೆ ಬರುವ ಒತ್ತಕ್ಷರ ಹಿಂದಿನ ಅಕ್ಷರವನ್ನು ಯಾವಾಗಲೂ ಗುರು ಮಾಡುವುದಿಲ್ಲ ಎಂಬುದನ್ನು ಬರೆದಿಟ್ಟುಕೊಳ್ಳಿ. ಶಿಥಿಲದ್ವಿತ್ವ ಎಂಬ ಪದ ಹಳಗನ್ನಡ ಪಾಠದಲ್ಲಿ ಸಿಕ್ಕಾಗಲೂ ಈ ಜಾಗವನ್ನು ನೆನಪಿಸಿಕೊಳ್ಳಿ. ಒತ್ತಕ್ಷರವನ್ನು ತೇಲಿಸಿ ಹೇಳಿ ಹಿಂದಿನದನ್ನು ಲಘುವಾಗಿ ಉಳಿಸಿಕೊಳ್ಳುವುದೇ ಅಲ್ಲಿಯ ಸಂಗತಿ.

ಕೊನೆಯ ಸಾಲು ನನಗೆ ಬಹಳ ಇಷ್ಟ. ಕಾವು | ದಾನತ | ಜನವ | ಗದುಗಿನ | ವೀರ | ನಾರಯ | ಣ. ದೇವರ ಹೆಸರು ನಾರಾಯಣ. "ನಾರಾಯ" ಎಂದರೆ 5 ಮಾತ್ರೆ, ಬೇಕಾದದ್ದು 4. ಕವಿ "ರಾ"ವನ್ನು "ರ" ಮಾಡಿ, ತನ್ನ ಇಷ್ಟದೈವದ ಹೆಸರನ್ನೇ ನಡೆಗೆ ಹೊಂದಿಸಿಕೊಂಡ. ಇದೇ ಅಂಕಿತ ಕಾವ್ಯದ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಅಚ್ಚಿನ ತಪ್ಪೆಂದು ತಿಳಿದು ಉತ್ತರಪತ್ರಿಕೆಯಲ್ಲಿ "ನಾರಾಯಣ" ಎಂದು ತಿದ್ದಬೇಡಿ. ಕೊನೆಯ "ಣ" ಹ್ರಸ್ವವಾದರೂ ಗುರು ಎಂದೇ ಎಣಿಸಬೇಕು. ಷಟ್ಪದಿಯ 3, 6ನೇ ಸಾಲಿನ ಕೊನೆಯಲ್ಲಿ ದನಿ ನಿಲ್ಲುವುದರಿಂದ ಈ ಲೆಕ್ಕ.

ಪ್ರಾಸ ನೋಡಿ: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಎರಡನೇ ಅಕ್ಷರ "ವ"ಕಾರ. ಅದರ ಹಿಂದೆ ದೀರ್ಘ ಇರುವುದರಿಂದ ಇದು ಗಜಪ್ರಾಸ. ಮೊದಲಿನ ಕಂದದಲ್ಲಿ "ಗುರು" ಎಂದು ಹಿಂದೆ ಹ್ರಸ್ವ ಇತ್ತಲ್ಲ, ಅದು ಸಿಂಹಪ್ರಾಸ. ಹಿಂದೆ ಅನುಸ್ವಾರ ಇದ್ದರೆ ವೃಷಭ, ವಿಸರ್ಗ ಇದ್ದರೆ ಅಜ. ಪ್ರಾಸದ ಜಾಗದಲ್ಲಿ "ಲ್ಲ", "ತ್ತ" ತರಹದ ಸಜಾತೀಯ ಒತ್ತು ಬಂದರೆ ಹಯ, "ಕ್ತ", "ಲ್ಪ" ತರಹದ ವಿಜಾತೀಯ ಒತ್ತು ಬಂದರೆ ಶರಭ.

ವೃತ್ತಕ್ಕೆ ಒಂದು ಸುಲಭೋಪಾಯ

ಖ್ಯಾತ ಕರ್ಣಾಟಕ ವೃತ್ತಗಳು ಆರು. ಮೊದಲ ನಾಲ್ಕೈದು ಅಕ್ಷರಕ್ಕೆ ಪ್ರಸ್ತಾರ ಹಾಕಿದರೆ ಯಾವ ವೃತ್ತ ಎಂದು ಹೇಳಬಹುದು. ಮೊದಲು ಒಂದೇ ಗುರು ಬಂದು ಲಘು ಶುರುವಾದರೆ ಉತ್ಪಲಮಾಲೆ. ಮೂರು ಗುರು ಬಂದರೆ ಶಾರ್ದೂಲವಿಕ್ರೀಡಿತ, ನಾಲ್ಕು ಬಂದರೆ ಸ್ರಗ್ಧರೆ. ಎರಡು ಲಘು, ಎರಡು ಗುರು ಬಂದರೆ ಮತ್ತೇಭವಿಕ್ರೀಡಿತ. ಎರಡು ಲಘು, ಮೂರು ಗುರು ಬಂದರೆ ಮಹಾಸ್ರಗ್ಧರೆ. ನಾಲ್ಕು ಲಘು ಬಂದರೆ ಚಂಪಕಮಾಲೆ. ಪರೀಕ್ಷೆಯ ಗಡಿಬಿಡಿಯಲ್ಲಿ ಇದು ಕೈಹಿಡಿಯುತ್ತದೆ. ಹೆಸರು ಸಿಕ್ಕಿದ ಮೇಲೆ ಪೂರ್ತಿ ಸಾಲಿಗೆ ಪ್ರಸ್ತಾರ ಹಾಕಿ ಖಚಿತ ಮಾಡಿಕೊಳ್ಳುವುದನ್ನು ಮಾತ್ರ ಬಿಡಬೇಡಿ.

10ನೇ ಶತಮಾನದ ಪಂಪನ ಪದ್ಯದ ಕೊನೆಯ ಸಾಲು ಎಲ್ಲರ ಬಾಯಲ್ಲೂ ಇದೆ: "ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ." ಇದಕ್ಕೆ "ಆ"ದಿಂದ ಪ್ರಸ್ತಾರ ಶುರು ಮಾಡಿದರೆ ಎರಡು ಗುರು ಬಂದು ಯಾವ ವೃತ್ತಕ್ಕೂ ಕೂಡುವುದಿಲ್ಲ. ಪುಸ್ತಕ ತೆಗೆದು ನೋಡಿ, "ಆ" ಹಿಂದಿನ ಸಾಲಿನ ಕೊನೆಯ ಅಕ್ಷರ. ನಾಲ್ಕನೇ ಸಾಲು ಶುರುವಾಗುವುದು "ರಂಕುಸ" ಎಂದು:

ರಂಕುಸ | ಮಿಟ್ಟೊಡಂ | ನೆನೆವು | ದೆನ್ನಮ | ನಂಬನ | ವಾಸಿದೇ | ಶಮಂ

ಭ, ರ, ನ, ಭ, ಭ, ರ, ಆಮೇಲೆ ಒಂದು ಲಘು, ಒಂದು ಗುರು. 20 ಅಕ್ಷರ. ಅಪ್ಪಟ ಉತ್ಪಲಮಾಲೆ. ಬಾಯಿಗೆ ಬಂದ ಸಾಲನ್ನೇ ನಂಬದೆ ಮುದ್ರಿತ ಪದ್ಯವನ್ನು ಮುಂದಿಟ್ಟುಕೊಳ್ಳಿ ಎಂದು ಅದಕ್ಕೇ ಹೇಳುವುದು.

ಐದನೇ ಹೆಜ್ಜೆ: ಅಲಂಕಾರದಲ್ಲಿ ಇಲ್ಲದ್ದನ್ನು ಹುಡುಕಿ

ವಚನಕ್ಕೆ ಪ್ರಸ್ತಾರ ಹಾಕಲು ಹೋಗಬೇಡಿ. ಆದರೆ ಅಲಂಕಾರ ಕಲಿಯಲು ವಚನದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಉಪಮೆಗೆ ನಾಲ್ಕು ಅಂಗ. ಯಾವುದನ್ನು ಹೋಲಿಸುತ್ತೇವೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ. ಅಂತೆ, ಹಾಗೆ, ವೊಲ್ ಇವು ಉಪಮಾವಾಚಕ. ಎರಡಕ್ಕೂ ಸಮನಾದ ಗುಣ ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಬಿಟ್ಟುಹೋಗಿದ್ದರೆ ಲುಪ್ತೋಪಮೆ.

ಬಸವಣ್ಣನವರ "ನುಡಿದರೆ ಮುತ್ತಿನ ಹಾರದಂತಿರಬೇಕು" ತೆಗೆದುಕೊಳ್ಳಿ. ನುಡಿ ಉಪಮೇಯ, ಮುತ್ತಿನ ಹಾರ ಉಪಮಾನ, ಅಂತೆ ವಾಚಕ. ಸಮಾನಧರ್ಮ ಎಲ್ಲಿ? ಹೇಳಿಲ್ಲ. ಹಾಗಾಗಿ ಲುಪ್ತೋಪಮೆ. ಹೆಚ್ಚಿನವರು ಇಲ್ಲಿಗೆ ಉತ್ತರ ಮುಗಿಸುತ್ತಾರೆ. ನೀವು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಹೇಳದೆ ಬಿಟ್ಟ ಗುಣ ಯಾವುದು? ಹೊಳಪೇ? ಬೆಲೆಯೇ? ಒಂದೇ ದಾರದಲ್ಲಿ ಒಂದರ ಪಕ್ಕ ಒಂದು ಕೂತಿರುವ ಶಿಸ್ತೇ? ಹಾರ ಎಂದಿದ್ದಾರೆ, ಬಿಡಿ ಮುತ್ತು ಎಂದಿಲ್ಲ. ಆದ್ದರಿಂದ ಪೋಣಿಸಿದ ಕ್ರಮ ಮುಖ್ಯ ಎಂದು ನನಗನ್ನಿಸುತ್ತದೆ. ಹೀಗೆ ಎರಡು ವಾಕ್ಯ ಬರೆದರೆ ನಿಮ್ಮ ಉತ್ತರ ಗೈಡಿನ ಉತ್ತರದಿಂದ ಬೇರೆಯಾಗುತ್ತದೆ.

"ಎನ್ನ ಕಾಲೇ ಕಂಬ, ದೇಹವೇ ದೇಗುಲ" ಎಂಬಲ್ಲಿ "ಅಂತೆ" ಇಲ್ಲ. ಕಾಲು ಕಂಬದಂತೆ ಇದೆ ಎಂದಲ್ಲ, ಕಾಲೇ ಕಂಬ. ಎರಡೂ ಒಂದೇ ಎಂದುಬಿಟ್ಟರೆ ಅದು ರೂಪಕ. ಇಲ್ಲಿ "ಅಂತೆ" ಸೇರಿಸಿ ಓದಿ ನೋಡಿ, ಮಾತು ಸಪ್ಪೆಯಾಗುತ್ತದೆ. ಉಳ್ಳವರ ಕಲ್ಲಿನ ಗುಡಿಗೆ ಎದುರಾಗಿ ನಿಲ್ಲಬೇಕಾದ ದೇಹಕ್ಕೆ "ಗುಡಿಯಂತೆ" ಎಂಬುದು ಸಾಲದು. ಯಾವ ಅಲಂಕಾರ ಎಂದು ಹೆಸರಿಸಿದ ಮೇಲೆ ಅದೇ ಯಾಕೆ ಬೇಕಾಯಿತು ಎಂದು ಹೀಗೆ ಬದಲಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಉತ್ಪ್ರೇಕ್ಷೆ, ದೃಷ್ಟಾಂತ, ಶ್ಲೇಷೆ ಎಲ್ಲಕ್ಕೂ ಇದೇ ಕ್ರಮ ನಡೆಯುತ್ತದೆ.

ಆರನೇ ಹೆಜ್ಜೆ: ರಸವನ್ನು ಒಂದು ಸನ್ನಿವೇಶಕ್ಕೆ ಕಟ್ಟಿಹಾಕಿ

ಸ್ಥಾಯಿ, ವಿಭಾವ, ಅನುಭಾವ, ಸಂಚಾರಿ ಇವನ್ನು ಬಿಡಿಯಾಗಿ ಕಲಿತರೆ ನಿಲ್ಲುವುದಿಲ್ಲ. ಒಂದು ಸನ್ನಿವೇಶ ಹಿಡಿಯಿರಿ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಹಾವು ಕಚ್ಚಿ ಸತ್ತ ಮಗ ಲೋಹಿತಾಶ್ವನ ಮುಂದೆ ಚಂದ್ರಮತಿ ಅಳುತ್ತಾಳೆ. ಸತ್ತ ಮಗ ಆಲಂಬನ ವಿಭಾವ, ಯಾಕೆಂದರೆ ದುಃಖ ಹುಟ್ಟಿದ್ದು ಅವನಿಂದ. ಸುತ್ತಲಿನ ಕತ್ತಲು, ಒಂಟಿತನ ಉದ್ದೀಪನ ವಿಭಾವ, ಅವು ದುಃಖವನ್ನು ಹೆಚ್ಚಿಸುತ್ತವೆ. ಕಣ್ಣೀರು, ಗೋಳಾಟ ಅನುಭಾವ. ನಡುನಡುವೆ ಬಂದುಹೋಗುವ ದೈನ್ಯ, ಚಿಂತೆ, ಹಳೆಯ ನೆನಪು ಸಂಚಾರಿ. ಎಲ್ಲದರ ತಳದಲ್ಲಿ ಇರುವ ಶೋಕ ಸ್ಥಾಯಿ. ಇವೆಲ್ಲ ಕೂಡಿ ಓದುವ ನಮ್ಮೊಳಗೆ ಆಗುವ ಅನುಭವ ಕರುಣರಸ. "ಚಂದ್ರಮತಿಗೆ ಕರುಣರಸ ಉಂಟಾಯಿತು" ಎಂದು ಬರೆಯಬೇಡಿ. ಅವಳಿಗೆ ಆದದ್ದು ಶೋಕ, ರಸ ಆಗುವುದು ಸಹೃದಯರಿಗೆ. ಈ ಒಂದು ವಾಕ್ಯ ತಪ್ಪಿದರೆ ಅಂಕ ಹೋಗುತ್ತದೆ.

ಕೈ ಪಳಗಿಸಲು ಒಂದು ಅಭ್ಯಾಸ

ಲಕ್ಷ್ಮೀಶನ ಜೈಮಿನಿ ಭಾರತದ ಮೊದಲ ಪದ್ಯದ ಎರಡು ಸಾಲು ಕೊಡುತ್ತೇನೆ. ಇದು ವಾರ್ಧಕ ಷಟ್ಪದಿ, ಐದು ಮಾತ್ರೆಯ ನಾಲ್ಕು ಗಣ ಬರಬೇಕು. ಕೆಳಗಿನ ಉತ್ತರ ನೋಡುವ ಮೊದಲು ನೀವೇ ಹಾಕಿ.

ಶ್ರೀವಧುವಿನಂಬಕ ಚಕೋರಕಂ ಪೊರೆಯೆ ಭ
ಕ್ತಾವಳಿಯ ಹೃತ್ಕುಮುದಕೋರಕಂ ಬಿರಿಯೆ ಜಗ

ಮೊದಲ ಸಾಲು: ಶ್ರೀವಧುವಿ | ನಂಬಕಚ | ಕೋರಕಂ | ಪೊರೆಯೆಭ. ಎರಡನೆಯದು: ಕ್ತಾವಳಿಯ | ಹೃತ್ಕುಮುದ | ಕೋರಕಂ | ಬಿರಿಯೆಜಗ.

ಮೊದಲ ಸಾಲಿನಲ್ಲಿ 19 ಮಾತ್ರೆ ಬಂತೇ? ಹಾಗಿದ್ದರೆ ಕೊನೆಯ "ಭ"ಕ್ಕೆ ಲಘು ಹಾಕಿದ್ದೀರಿ. ಪದ "ಭಕ್ತಾವಳಿ". ಒತ್ತಕ್ಷರ "ಕ್ತಾ" ಮುಂದಿನ ಸಾಲಿನಲ್ಲಿ ಕೂತಿದ್ದರೂ ಹಿಂದಿನ ಸಾಲಿನ "ಭ"ವನ್ನು ಗುರು ಮಾಡುತ್ತದೆ. ಅಲ್ಲಿಗೆ 20.